ಒಬ್ಬಳೇ ಕಾರಿನಲ್ಲಿ ಸೋಮನಾಥಪುರಕ್ಕೆ: ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಆಗುತ್ತಾ?

ಸರಸ್ವತಿಪುರಂ_ಅಮ್ಮ · ಶನಿವಾರ, ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ ಈಗ 52. ಕಾರು ಕಲಿತಿದ್ದು 48ಕ್ಕೆ. ಮನೆಯಲ್ಲಿ ಹಳೇ ಆಲ್ಟೊ ಇದೆ. ಮೈಸೂರಿನೊಳಗೆ ಎಲ್ಲಾ ಕಡೆ ಓಡಿಸುತ್ತೇನೆ. ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ ಹತ್ತಿರ ಜಾಗ ಹುಡುಕಿ ಕಾರು ನಿಲ್ಲಿಸಿದ್ದೇನೆ ಅಂದರೆ ನೀವೇ ಅರ್ಥ ಮಾಡಿಕೊಳ್ಳಿ. ಆದರೆ ರಿಂಗ್ ರೋಡ್ ದಾಟಿ ಒಬ್ಬಳೇ ಹೋಗಿಲ್ಲ. ಈ ಬುಧವಾರ ರಜೆ ಹಾಕಿ ಸೋಮನಾಥಪುರಕ್ಕೆ ಹೋಗಿ ಬರಬೇಕು ಅಂತ ಆಸೆ. ನಮ್ಮ ಮನೆಯಿಂದ ಸುಮಾರು 35 ಕಿಲೋಮೀಟರ್.

ಯಾಕೆ ಒಬ್ಬಳೇ ಅಂತ ಕೇಳುತ್ತೀರಿ. ಅಲ್ಲಿನ ಕೇಶವ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿದ್ದೇನೆ, ಒಂದು ಸಲವೂ ನೆಟ್ಟಗೆ ಒಂದು ಸುತ್ತು ಬಂದಿಲ್ಲ. ಮೊದಲ ಸಲ ಸ್ಕೂಲ್ ಟ್ರಿಪ್, ಅರ್ಧ ಗೋಡೆ ನೋಡುವಷ್ಟರಲ್ಲಿ ಮೇಷ್ಟ್ರು ಸೀಟಿ ಊದಿದರು. ಎರಡನೇ ಸಲ ಮಗಳು ಕೈಗೂಸು. ಮೂರನೇ ಸಲ ಬೆಂಗಳೂರಿನ ನೆಂಟರು, ಅವರಿಗೆ ಕತ್ತಲಾಗುವಷ್ಟರಲ್ಲಿ ಬೃಂದಾವನದ ಕಾರಂಜಿ ನೋಡಬೇಕಿತ್ತು. ನಾಲ್ಕನೇ ಸಲ ನಮ್ಮ ಮನೆಯವರ ಜೊತೆ. ಒಳ್ಳೆಯವರೇ, ಆದರೆ ಯಾವ ದೇವಸ್ಥಾನವಾದರೂ ಅವರಿಗೆ ಹತ್ತು ನಿಮಿಷ. ಹನ್ನೊಂದನೇ ನಿಮಿಷಕ್ಕೆ ಕೀ ಗೊಂಚಲು ಅಲ್ಲಾಡಿಸುತ್ತಾ "ನೋಡಾಯ್ತಲ್ಲ, ನಡಿ" ಅನ್ನುತ್ತಾರೆ.

ಬನ್ನೂರು ರಸ್ತೆ ಒಳ್ಳೆಯದಾ, ನರಸೀಪುರ ರಸ್ತೆ ಒಳ್ಳೆಯದಾ? ಪಂಕ್ಚರ್ ಆದರೆ ಏನು ಮಾಡಲಿ? ಮನೆಯಲ್ಲಿ ಇನ್ನೂ ಹೇಳಿಲ್ಲ. ಅದಕ್ಕೂ ಏನಾದರೂ ಉಪಾಯ ಇದ್ದರೆ ತಿಳಿಸಿ.

ಗೇರ್_ಮಾಸ್ಟರ್ · ಶನಿವಾರ, ಬೆಳಿಗ್ಗೆ 11:02

ಧಾರಾಳವಾಗಿ ಹೋಗಿ ಮೇಡಂ. ಆದರೆ ಬರೀ ಸೋಮನಾಥಪುರಕ್ಕೆ ಅಂತ ಇಡೀ ದಿನ ಯಾಕೆ ಹಾಳು ಮಾಡುತ್ತೀರಿ? ಬೆಳಿಗ್ಗೆ ಆರಕ್ಕೆ ಬಿಟ್ಟರೆ ರಂಗನತಿಟ್ಟು, ಸೋಮನಾಥಪುರ, ತಲಕಾಡು, ಗಗನಚುಕ್ಕಿ, ಭರಚುಕ್ಕಿ ಎಲ್ಲಾ ಮುಗಿಸಿ ರಾತ್ರಿ ಊಟಕ್ಕೆ ಮನೆ. ನಾನು ಮಾಡಿದ್ದೇನೆ.

ಕರಾವಳಿ_ಹುಡುಗಿ · ಶನಿವಾರ, ಬೆಳಿಗ್ಗೆ 11:20

@ಗೇರ್_ಮಾಸ್ಟರ್ ಅಣ್ಣಾ, ಅವರು ಕೀ ಗೊಂಚಲಿನ ಕಾಟ ತಪ್ಪಿಸಿಕೊಳ್ಳಲು ಹೊರಟಿದ್ದಾರೆ. ನೀವು ಇನ್ನೊಂದು ಗೊಂಚಲು ಕೈಗೆ ಕೊಡುತ್ತಿದ್ದೀರಲ್ಲ!

ಹಳೇ_ಡ್ರೈವರ್ · ಶನಿವಾರ, ಮಧ್ಯಾಹ್ನ 12:45

ಅಮ್ಮಾ, ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು ನಾನು. ನಾಲ್ಕು ಮಾತು ಹೇಳುತ್ತೇನೆ.

ಎಲ್ಲರೂ ನಾಲ್ಕು ಟೈರಿಗೆ ಗಾಳಿ ಹಾಕಿಸುತ್ತಾರೆ, ಐದನೆಯದನ್ನು ಮರೆಯುತ್ತಾರೆ. ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಸ್ಟೆಪ್ನಿಯಲ್ಲಿ ಗಾಳಿಯೇ ಇರುವುದಿಲ್ಲ. ಮಂಗಳವಾರವೇ ಬಂಕಿಗೆ ಹೋಗಿ ಐದಕ್ಕೂ ಹಾಕಿಸಿ. ಬಂಕಿನಲ್ಲಿ ಗಾಳಿ, ಕುಡಿಯುವ ನೀರು, ಶೌಚಾಲಯ ಮೂರನ್ನೂ ಉಚಿತವಾಗಿ ಕೊಡಬೇಕು ಅಂತ ನಿಯಮವೇ ಇದೆ. ಕೇಳಲು ಸಂಕೋಚ ಬೇಡ.

ಭಾನುವಾರ ಮನೆ ಮುಂದೆ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಜಾಕ್ ಏರಿಸುವುದಕ್ಕೆ ಮುಂಚೆ, ಚಕ್ರ ನೆಲದ ಮೇಲಿರುವಾಗಲೇ, ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಳ್ಳಬೇಕು. ಮೊದಲೇ ಏರಿಸಿಬಿಟ್ಟರೆ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ, ನಟ್ಟು ಮಾತ್ರ ಅಲ್ಲಾಡುವುದಿಲ್ಲ. ಕೈಯಲ್ಲಿ ಆಗದಿದ್ದರೆ ಸ್ಪ್ಯಾನರಿನ ಹಿಡಿಯನ್ನು ಎಡಕ್ಕೆ ಮಟ್ಟಸವಾಗಿ ನಿಲ್ಲಿಸಿ ಅದರ ಮೇಲೆ ಕಾಲಿಟ್ಟು ಮೈಭಾರ ಬಿಡಿ. ಕಟ್ ಅಂತ ಬಿಡುತ್ತದೆ. ಗ್ಯಾರೇಜಿನವರು ಮಷಿನ್ನಿನಲ್ಲಿ ಬಿಗಿ ಮಾಡಿರುತ್ತಾರೆ, ಗಂಡಸರಿಗೂ ಕೈಯಲ್ಲಿ ಆಗುವುದಿಲ್ಲ.

ಇನ್ನು ರಸ್ತೆ. ಊರು ಬಂತು ಅಂದರೆ ಹಂಪ್ ಬಂತು ಅಂತಲೇ ಲೆಕ್ಕ. ಬಿಳಿ ಬಣ್ಣ ಅಳಿಸಿಹೋಗಿರುತ್ತದೆ. ಮುಂದೆ ಬೈಕಿನವನ ಹೆಗಲು ಕುಣಿಯಿತಾ, ನೀವು ಎರಡನೇ ಗೇರಿಗೆ ಬನ್ನಿ.

ಕೊನೆಯದು, ಕತ್ತಲಾಗುವ ಮುಂಚೆ ರಿಂಗ್ ರೋಡ್ ಸೇರಿಕೊಳ್ಳಿ. ಈಗ ಕಬ್ಬಿನ ಕಾಲ. ಟ್ರೇಲರಿನ ಹಿಂದೆ ಒಂದು ದೀಪವೂ ಇರುವುದಿಲ್ಲ, ಕಬ್ಬು ಆಚೆ ಈಚೆ ಎರಡೆರಡು ಅಡಿ ಚಾಚಿಕೊಂಡಿರುತ್ತದೆ.

ದೊಡ್ಡಣ್ಣ_68 · ಶನಿವಾರ, ಮಧ್ಯಾಹ್ನ 1:10

ಕಾಲ ಕೆಟ್ಟಿದೆ. ಹೆಣ್ಣುಮಕ್ಕಳು ಒಬ್ಬರೇ ಹಳ್ಳಿ ರಸ್ತೆಯಲ್ಲಿ ಹೋಗುವುದು ನನಗೇಕೋ ಸರಿ ಕಾಣುವುದಿಲ್ಲ. ತಪ್ಪು ತಿಳಿಯಬೇಡಿ ತಾಯಿ. ಜೊತೆಗೆ ಒಬ್ಬ ಗೆಳತಿಯಾದರೂ ಇರಲಿ.

ಬನ್ನೂರಿನವನು · ಶನಿವಾರ, ಮಧ್ಯಾಹ್ನ 1:32

ದೊಡ್ಡಣ್ಣ, ಆ ಹಳ್ಳಿ ರಸ್ತೆ ನಮ್ಮದೇ. ನಮ್ಮ ಅಕ್ಕ ತಂಗಿಯರು ದಿನಾ ಬೆಳಿಗ್ಗೆ ಅದೇ ರಸ್ತೆಯಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಾರೆ, ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಗಲು ಹೊತ್ತು, ಉದ್ದಕ್ಕೂ ಗದ್ದೆಯಲ್ಲಿ ಜನ. ಭಯ ಪಡುವುದಕ್ಕೆ ಏನಿಲ್ಲ.

ಅಕ್ಕಾ, ಬನ್ನೂರು ಮೇಲೆ ಬನ್ನಿ. ನರಸೀಪುರ ರಸ್ತೆ ಅಗಲ ಇದೆ, ಆದರೆ ಲಾರಿ ಬಸ್ಸು ಜಾಸ್ತಿ. ಬನ್ನೂರು ರಸ್ತೆಯಲ್ಲಿ ನಾಲೆ, ಗದ್ದೆ, ತೆಂಗು ನೋಡಿಕೊಂಡು ಬರಬಹುದು. ಬನ್ನೂರಿನಿಂದ ಅಲ್ಲಿಗೆ ಏಳೆಂಟು ಕಿಲೋಮೀಟರ್ ಅಷ್ಟೆ. ಒಂದೇ ಎಚ್ಚರಿಕೆ: ಮ್ಯಾಪು "ಮೂರು ನಿಮಿಷ ಉಳಿಯುತ್ತೆ" ಅಂತ ನಾಲೆ ಏರಿ ಮೇಲಿನ ದಾರಿ ತೋರಿಸಿದರೆ ಹೋಗಬೇಡಿ. ಏರಿಗೆ ತಡೆಗೋಡೆ ಇರುವುದಿಲ್ಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೊಡೆಯುವುದೇ ಕಷ್ಟ. ಮಂಡ್ಯ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಾರು ಉರುಳಿದ ಸುದ್ದಿ ಓದಿರುತ್ತೀರಿ.

ಇನ್ನೊಂದು ಮಾತು. ಈಗ ಒಕ್ಕಣೆಗೆ ಅಂತ ರಸ್ತೆ ಮೇಲೆ ಹುರುಳಿ ಹಾಸಿರುತ್ತಾರೆ, ಹುಷಾರು.

ಕರಾವಳಿ_ಹುಡುಗಿ · ಶನಿವಾರ, ಮಧ್ಯಾಹ್ನ 2:05

ಆಂಟಿ, ನಾನು ಮಂಗಳೂರಿನಿಂದ ತಿಂಗಳಿಗೊಮ್ಮೆ ಹೀಗೆ ಒಬ್ಬಳೇ ಹೋಗುತ್ತೇನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲ್ಲಿಂದ ಕಾರ್ಕಳದ ಗೊಮ್ಮಟ, ಮಧ್ಯಾಹ್ನದ ಮೇಲೆ ಮನೆ. ಎರಡೇ ನಿಯಮ. ಲೊಕೇಶನ್ ಒಬ್ಬರಿಗೆ ಮಾತ್ರ ಕಳಿಸುವುದು, ಐದು ಜನರಿಗೆ ಕಳಿಸಿದರೆ ಐದೂ ಜನ ಫೋನ್ ಮಾಡುತ್ತಾರೆ. ಎರಡನೆಯದು, ಯಾರಾದರೂ "ಒಬ್ಬರೇನಾ?" ಅಂತ ಕೇಳಿದರೆ "ಹೌದು, ಇವತ್ತು ರಜೆ" ಅಂತ ಹೇಳಿ ಮುಂದೆ ಹೋಗುವುದು. ಕಾರಣ ವಿವರಿಸುವುದಕ್ಕೆ ನಿಂತಿರೋ, ಅಲ್ಲಿಗೆ ಮುಗಿಯಿತು. ತುರ್ತು ಏನಾದರೂ ಬಂದರೆ 112.

ಮನೆಯಲ್ಲಿ ಹೇಳುವುದಕ್ಕೆ ಉಪಾಯ ಎಲ್ಲ ಬೇಡ. "ಬುಧವಾರ ಹೋಗಲಾ?" ಅನ್ನಬೇಡಿ. "ಬುಧವಾರ ಹೋಗ್ತಿದ್ದೀನಿ, ಸಾರು ಫ್ರಿಜ್ಜಿನಲ್ಲಿದೆ" ಅನ್ನಿ.

ನಿವೃತ್ತ_ಮೇಷ್ಟ್ರು · ಶನಿವಾರ, ರಾತ್ರಿ 8:50

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಸೀಟಿ ಊದಿದ ಮೇಷ್ಟ್ರು ನಾನಲ್ಲ ಅಂದುಕೊಳ್ಳುತ್ತೇನೆ. (ಇರಲೂಬಹುದು. ಬಹಳ ಊದಿದ್ದೇನೆ.)

ಬಾಗಿಲು ದಾಟಿದ ಕೂಡಲೇ ಗರ್ಭಗುಡಿಗೆ ನುಗ್ಗಬೇಡಿ. ಮೊದಲು ಜಗುಲಿ ಮೇಲೆ ಪ್ರದಕ್ಷಿಣೆ ಹಾಕಿ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು, ಊರಿಗೂ ಅವನದೇ ಹೆಸರು. ಗೋಡೆಯ ಬುಡದಿಂದ ಕಣ್ಣು ಮೇಲೆ ಹೋಗಲಿ: ಆನೆ ಸಾಲು, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕಥೆ, ಆಮೇಲೆ ಮಕರ, ಹಂಸ. ಕಥೆಯ ಪಟ್ಟಿ ಗೇಣುದ್ದ ಅಷ್ಟೆ, ಎಲ್ಲರೂ ತಪ್ಪಿಸಿಕೊಳ್ಳುವುದು ಅದನ್ನೇ. ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂಭಾಗದಲ್ಲಿ ಕೃಷ್ಣನ ಕಥೆ, ಉತ್ತರಕ್ಕೆ ತಿರುಗಿದರೆ ಮಹಾಭಾರತ. ಈ ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ರಾಮಾಯಣದ ಮೇಲೆ ಬೆಳಿಗ್ಗೆ ಓರೆ ಬಿಸಿಲು ಬೀಳುತ್ತದೆ. ಹತ್ತು ಗಂಟೆಗೆ ಅಲ್ಲಿರಿ.

ದೊಡ್ಡ ವಿಗ್ರಹಗಳ ಪೀಠ ನೋಡಿ. ಕೆತ್ತಿದವರು ಹೆಸರು ಬರೆದಿದ್ದಾರೆ. ಮಲ್ಲಿತಮ್ಮ ಅನ್ನುವ ಒಬ್ಬನದೇ ಬಹಳ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ "ಮ". ಹಳಗನ್ನಡ ಲಿಪಿ, ಆದರೆ "ಮ" ಅಕ್ಷರ ಒಂದು ಸಲ ಗುರುತು ಹತ್ತಿದರೆ ಸಾಕು.

ಒಳಗೆ ಹೋಗುವಾಗ ಟಾರ್ಚ್ ಇರಲಿ, ತಲೆ ಎತ್ತಿ ಬಾಳೆಮೊಗ್ಗಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಒಳಛಾವಣಿಗಳನ್ನು ನೋಡುವುದಕ್ಕೆ. ಮೂರು ಗರ್ಭಗುಡಿ: ಕೇಶವ, ಜನಾರ್ದನ, ವೇಣುಗೋಪಾಲ. ಮೂಲ ಕೇಶವ ವಿಗ್ರಹ ಈಗಿಲ್ಲ. ಪೂಜೆ ಇಲ್ಲದ ಗುಡಿ, ಹಾಗಾಗಿ ನೂಕುನುಗ್ಗಲೂ ಇಲ್ಲ. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಭಾನುವಾರ ಜನ ಜಾಸ್ತಿ. ಬುಧವಾರ ಒಳ್ಳೆಯ ಆಯ್ಕೆ.

ಗದಗಿನ_ಗಾಳಿ · ಭಾನುವಾರ, ಬೆಳಿಗ್ಗೆ 7:30

ನಮ್ಮ ಹುಬ್ಬಳ್ಳಿ ಕಡೆಯವರಿಗೂ ಒಂದು ದಾರಿ ಹೇಳಿಬಿಡ್ತೇನ್ರಿ. ಗದಗ ದಾಟಿ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಕಾಶಿ ವಿಶ್ವನಾಥ ಗುಡಿ, ಮುಸುಕಿನ ಬಾವಿ. ನಾ ಒಬ್ಬನೇ ಹೋಗಿದ್ದೆ. ಬಾವಿ ಮೆಟ್ಟಿಲ ಮ್ಯಾಲೆ ಒಂದು ತಾಸು ಕೂತೆ, ಯಾರೂ ಏನೂ ಕೇಳಲಿಲ್ಲ. ಬುತ್ತಿ ಮನೆಯಿಂದಲೇ ಒಯ್ಯಿರಿ. ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಹೋಟೆಲ್ ಹುಡುಕೋ ತ್ರಾಸ ಇಲ್ಲ.

ಸರಸ್ವತಿಪುರಂ_ಅಮ್ಮ · ಮಂಗಳವಾರ, ರಾತ್ರಿ 9:14

ಎಲ್ಲರಿಗೂ ಥ್ಯಾಂಕ್ಸ್. ಸ್ಟೆಪ್ನಿಗೆ ಗಾಳಿ ಹಾಕುವ ಹುಡುಗ ಗೇಜ್ ನೋಡಿ ನಕ್ಕುಬಿಟ್ಟ. ಚಕ್ರ ಬಿಚ್ಚಿ ಹಾಕಿದ್ದೂ ಆಯಿತು. ಮೂರು ನಟ್ಟು ಬಂತು, ನಾಲ್ಕನೆಯದಕ್ಕೆ ಸ್ಪ್ಯಾನರ್ ಮೇಲೆ ನಿಂತೆ. ಎದುರುಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಾ ನಿಂತಿದ್ದರು.

ಮನೆಯಲ್ಲಿ ಹೇಳಿದೆ. "ಯಾರ ಜೊತೆ?" "ಯಾರೂ ಇಲ್ಲ." "ಯಾಕೆ, ಏನಾಯ್ತು?" ಅಂದರು. ಏನೋ ಬೇಜಾರಾಗಿ ಹೊರಟಿದ್ದೇನೆ ಅಂದುಕೊಂಡರು ಪಾಪ. ಅವರನ್ನು ಸಮಾಧಾನ ಮಾಡುವುದರಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಎದ್ದು ಹೋಗಿ ಎಂಜಿನ್ ಆಯಿಲ್ ನೋಡಿ ಬಂದರು.

ಹಳೇ_ಡ್ರೈವರ್ · ಮಂಗಳವಾರ, ರಾತ್ರಿ 9:30

ಕೂಲೆಂಟೂ ನೋಡಿಸಿ ಅಮ್ಮಾ. ಎಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು. ಶುಭವಾಗಲಿ.

ಸರಸ್ವತಿಪುರಂ_ಅಮ್ಮ · ಗುರುವಾರ, ಬೆಳಿಗ್ಗೆ 6:20

ಹೋಗಿ ಬಂದೆ! ನಿನ್ನೆ ರಾತ್ರಿ ಬರೆಯೋಣ ಅಂದರೆ ನಿದ್ದೆ ಎಳೆಯುತ್ತಿತ್ತು. ಈಗ ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಎಂಟೂಕಾಲಿಗೆ ಹೊರಟೆ. ರಿಂಗ್ ರೋಡ್ ದಾಟುವವರೆಗೂ ಎರಡೂ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು. ಹಿಂದಿನಿಂದ ಹಾರ್ನ್ ಮಾಡಿದವರಿಗೆಲ್ಲ ದಾರಿ ಬಿಟ್ಟೆ. ಆಮೇಲೆ ಗದ್ದೆ ಶುರುವಾಯಿತು. ಕಿಟಕಿ ಇಳಿಸಿದರೆ ಆಲೆಮನೆಯ ಬೆಲ್ಲದ ಪಾಕದ ವಾಸನೆ. ಅಲ್ಲಿ ನನಗೆ ಹೊಳೆದದ್ದು ಏನೆಂದರೆ, ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ನಿಲ್ಲಿಸಿದೆ. ಬೆಲ್ಲ ಇನ್ನೂ ಬಿಸಿ ಇತ್ತು, ಎಲೆಯಲ್ಲಿ ಒಂದಿಷ್ಟು ಹಾಕಿಕೊಟ್ಟರು. "ಒಬ್ರೇ ಬಂದ್ರಾ?" ಅಂದರು. "ಹೌದು, ಇವತ್ತು ರಜೆ." ಅಷ್ಟೇ. ಕರಾವಳಿ ಹುಡುಗಿ, ನಿನ್ನ ಮಂತ್ರ ಕೆಲಸ ಮಾಡುತ್ತದಮ್ಮ.

ದೇವಸ್ಥಾನಕ್ಕೆ ಒಂಬತ್ತೂಮುಕ್ಕಾಲು. ಮೇಷ್ಟ್ರೇ, ನೀವು ಹೇಳಿದ ಹಾಗೆಯೇ ಜಗುಲಿ ಮೇಲೆ ಎಡಕ್ಕೆ ಹೊರಟೆ. ಒಂದು ಸುತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ರಾಮಾಯಣದ ಪಟ್ಟಿಯಲ್ಲಿ ಎಲ್ಲಾ ಗುರುತು ಹತ್ತಲಿಲ್ಲ, ಆದರೆ ಕೋತಿಗಳು ಬರುವ ಕಡೆ ಮಾತ್ರ ಚೆನ್ನಾಗಿ ಗೊತ್ತಾಯಿತು. ಒಂದು ಕೋತಿಯ ಮುಖ ಥೇಟ್ ನಮ್ಮ ಭಾವನವರ ಹಾಗೆ ಇದೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆದೆ.

"ಮ" ಹುಡುಕಿದ್ದು ದೊಡ್ಡ ಕಥೆ. ಪೀಠದ ಹತ್ತಿರ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಎಲ್ಲಾ ಗೆರೆಗಳೂ ನನಗೆ ಅಕ್ಷರದ ಹಾಗೇ ಕಾಣುತ್ತಿದ್ದವು. ಅಲ್ಲಿ ಕಸ ಗುಡಿಸುತ್ತಿದ್ದ ಅಮ್ಮ ಒಬ್ಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ "ಏನಾದ್ರೂ ಬಿದ್ದೋಯ್ತಾ?" ಅಂದರು. ಹೆಸರು ಹುಡುಕುತ್ತಿದ್ದೇನೆ ಅಂದೆ. ಪೊರಕೆ ಕೆಳಗಿಡದೆಯೇ ಕೈಹಿಡಿದು ಒಂದು ವಿಗ್ರಹದ ಬುಡಕ್ಕೆ ಕರೆದುಕೊಂಡು ಹೋದರು. ಬೆರಳಲ್ಲಿ ತೋರಿಸಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದೆ. ಬೆಳಕು ಅಡ್ಡ ಬಿದ್ದ ಕೂಡಲೇ ಅಕ್ಷರಗಳು ಎದ್ದು ನಿಂತವು. ನುಣುಪು ಕಲ್ಲು, ಮಗು ಸ್ಲೇಟಿನ ಮೇಲೆ ಬರೆದ ಹಾಗೆ. ಅಲ್ಲೇ ಕಾಲು ಚಾಚಿ ಕೂತುಬಿಟ್ಟೆ. ಆ ಅಮ್ಮನೂ ಎರಡು ನಿಮಿಷ ಕೂತರು. ಅವರಿಗೆ ಓದಲು ಬರುವುದಿಲ್ಲವಂತೆ, ಬಂದವರು ಬಗ್ಗಿ ನೋಡುವುದನ್ನು ನೋಡಿ ನೋಡಿ ಜಾಗ ಗೊತ್ತಂತೆ.

ಎರಡನೇ ಸುತ್ತೂ ಹಾಕಿದೆ. ಒಟ್ಟು ಮೂರು ಗಂಟೆ ಇದ್ದೆ. ಹನ್ನೊಂದನೇ ನಿಮಿಷಕ್ಕೆ ಒಂದು ಸಲ ತಿರುಗಿ ನೋಡಿದ್ದು ನಿಜ. ಅಭ್ಯಾಸ.

ಪುಳಿಯೋಗರೆ ಡಬ್ಬಿಯನ್ನು ಹೊರಗಡೆ ಮರದ ನೆರಳಲ್ಲಿ ಖಾಲಿ ಮಾಡಿ ಒಂದು ಗಂಟೆಗೆ ನರಸೀಪುರದ ಕಡೆ ತಿರುಗಿಸಿದೆ. ಎರಡು ಊರು ದಾಟಿದ ಮೇಲೆ ರಸ್ತೆ ತುಂಬ ಹುರುಳಿ ಗಿಡ. ಬನ್ನೂರಿನವರೇ, ನೀವು ಹುಷಾರು ಅಂದಿರಿ, ಹುಷಾರಾಗಿ ಏನು ಮಾಡಬೇಕು ಅಂತ ಹೇಳಲಿಲ್ಲ! ಪಕ್ಕದಲ್ಲಿ ಜಾಗ ಇರಲಿಲ್ಲ, ಮೇಲೆಯೇ ನಿಧಾನಕ್ಕೆ ಓಡಿಸಿದೆ. ಕಾರಿನ ಕೆಳಗೆ ಸರಸರ ಅಂತ ಸದ್ದು. ಅರ್ಧ ಫರ್ಲಾಂಗ್ ಹೋಗುವಷ್ಟರಲ್ಲಿ ಸದ್ದು ಬದಲಾಯಿತು, ಎಳೆದ ಹಾಗೆ ಆಯಿತು, ಆಮೇಲೆ ಹುಲ್ಲು ಸುಟ್ಟ ವಾಸನೆ. ಎದೆ ಹೊಡೆದುಕೊಳ್ಳಲು ಶುರುವಾಯಿತು. ಹಾಸು ಮುಗಿದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪರ್ಸು ಕೂಡ ತೆಗೆದುಕೊಳ್ಳದೆ ಕೆಳಗಿಳಿದೆ.

ಬಗ್ಗಿ ನೋಡಿದರೆ ಮುಂದಿನ ಚಕ್ರದ ಹಿಂದೆ ಆಕ್ಸಲ್ಲಿಗೆ ಬಳ್ಳಿ ಸುತ್ತಿಕೊಂಡು ದಿಂಬಿನ ಹಾಗೆ ಆಗಿದೆ. ಸೈಲೆನ್ಸರಿನ ಹತ್ತಿರ ಸಣ್ಣಗೆ ಹೊಗೆ. ಒಕ್ಕಣೆ ಮಾಡುತ್ತಿದ್ದ ಗಂಡ ಹೆಂಡತಿ ಓಡಿಬಂದರು. ಗಂಡ ಒಂದು ಕೊಡ ನೀರು ತಂದು ಎರಚಿದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಡುಗೋಲು ಹಿಡಿದು ಕಾರಿನ ಕೆಳಗೆ ಅರ್ಧ ತೂರಿಯೇಬಿಟ್ಟರು. ನಾನೂ ಇನ್ನೊಂದು ಕಡೆಯಿಂದ ಕೈಹಾಕಿ ಎಳೆದೆ. ಸೀರೆ ಉಟ್ಟು ಹೋಗಿರಲಿಲ್ಲ, ಪುಣ್ಯ. ಮುಕ್ಕಾಲು ಗಂಟೆ ಆಯಿತು. ನನಗೆ ಸಿಟ್ಟು ಬಂದಿತ್ತು, ಅವರಿಗೆ ಮುಜುಗರ. "ಕಣ ಮಾಡಾಕೆ ಜಾಗ ಎಲ್ಲೈತವ್ವ" ಅಂದರು ಆಕೆ. ಕೊನೆಗೆ ಮಜ್ಜಿಗೆ ಕೊಟ್ಟರು. ಬೇಡ ಬೇಡ ಅಂದರೂ ಎರಡು ಸೇರು ಹುರುಳಿ ಚೀಲಕ್ಕೆ ಹಾಕಿದರು.

ನರಸೀಪುರ ಸೇರಿದಾಗ ಎರಡೂವರೆ. ಗುಂಜಾ ನರಸಿಂಹ ಸ್ವಾಮಿ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕಿತ್ತು, ಅದನ್ನು ಯೋಚಿಸಿಯೇ ಇರಲಿಲ್ಲ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅಜ್ಜಿ ಹೇಳುತ್ತಿದ್ದ ಜಾಗ, ಹೊರಗಿನಿಂದಲೇ ಕೈಮುಗಿದೆ. ಕಾವೇರಿ ಕಪಿಲೆ ಸೇರುವ ಕಡೆ ಮೆಟ್ಟಿಲ ಮೇಲೆ ಕೂತು ಕೈಗೆ ಚುಚ್ಚಿದ್ದ ಹುರುಳಿ ಕಡ್ಡಿಯ ಸಿಬಿರು ಕಿತ್ತೆ. ಅಲ್ಲಿಂದ ತಲಕಾಡಿಗೂ ಹೋಗೋಣ ಅಂದುಕೊಂಡಿದ್ದೆ, ಕೈಬಿಟ್ಟೆ. ಬೇಜಾರೇನೂ ಆಗಲಿಲ್ಲ. ಐದಕ್ಕೆ ಮನೆ.

"ಎಷ್ಟು ಕಿಲೋಮೀಟರ್ ಆಯ್ತು?" ಅಂತ ನಮ್ಮ ಮನೆಯವರು ಕೇಳಿದರು. ನೋಡಿಕೊಂಡಿಲ್ಲ ಅಂದೆ. ಅವರೇ ಹೋಗಿ ಮೀಟರ್ ನೋಡಿ ಬಂದರು.

ಬನ್ನೂರಿನವನು · ಗುರುವಾರ, ಬೆಳಿಗ್ಗೆ 7:05

ಅಕ್ಕಾ, ತಪ್ಪಾಯಿತು, ಪೂರ್ತಿ ಹೇಳಬೇಕಿತ್ತು. ರಾಗಿ ಹಾಸಿದ್ದರೆ ಅಷ್ಟು ತೊಂದರೆ ಇಲ್ಲ. ಹುರುಳಿ ಬಳ್ಳಿ ಮಾತ್ರ ಸುತ್ತಿಕೊಳ್ಳುತ್ತದೆ. ಹಾಸು ದಪ್ಪ ಇದ್ದರೆ ದೂರದಲ್ಲೇ ನಿಲ್ಲಿಸಿ ಹಾರ್ನ್ ಮಾಡಿ, ಒಂದು ಕಡೆ ಸರಿಸಿಕೊಡುತ್ತಾರೆ. ಹಿಂದೆ ನಮ್ಮ ಮನೆಗೊಂದು ಕಣ ಇತ್ತು, ಸಗಣಿ ಸಾರಿಸಿ ರೋಣಗಲ್ಲು ಎಳೆಸುತ್ತಿದ್ದೆವು. ಈಗ ಎತ್ತೂ ಇಲ್ಲ, ಕಣದ ಜಾಗದಲ್ಲಿ ಮನೆ ಎದ್ದಿದೆ. ರಸ್ತೆ ಮೇಲೆ ಹಾಕಬೇಡಿ ಅಂತ ಪೊಲೀಸರು ಹೇಳುತ್ತಲೇ ಇರುತ್ತಾರೆ. ಬೈಕಿನವರು ಜಾರಿ ಬಿದ್ದು ಪೆಟ್ಟಾಗಿದ್ದೂ ಇದೆ. ನಮ್ಮವರದು ತಪ್ಪೇ.

ದೊಡ್ಡಣ್ಣ_68 · ಗುರುವಾರ, ಬೆಳಿಗ್ಗೆ 8:15

ಕ್ಷೇಮವಾಗಿ ಬಂದಿರಲ್ಲ ತಾಯಿ, ಅಷ್ಟು ಸಾಕು. ಆ ಕೋತಿ ಯಾವ ಕಡೆ ಗೋಡೆಯಲ್ಲಿದೆ? ನಮ್ಮಾಕೆ ಕೇಳುತ್ತಿದ್ದಾಳೆ.

ನಿವೃತ್ತ_ಮೇಷ್ಟ್ರು · ಗುರುವಾರ, ಬೆಳಿಗ್ಗೆ 9:40

ಟಾರ್ಚನ್ನು ಪಕ್ಕದಿಂದ ಹಿಡಿಯುವುದು ನಾನು ಹೇಳಬೇಕಿದ್ದ ಮಾತು, ಮರೆತಿದ್ದೆ. ಶಾಸನ ಓದುವವರು ಮಾಡುವುದೂ ಹಾಗೆಯೇ. ತಲಕಾಡು ಬಿಟ್ಟಿದ್ದಕ್ಕೆ ಚಿಂತೆ ಬೇಡ. ಹೋದಾಗ ಮೊದಲು ಮುಡುಕುತೊರೆ ಬೆಟ್ಟ ಹತ್ತಿ, ಕಾವೇರಿ ಮುರಿದು ತಿರುಗುವುದು ಮೇಲಿಂದ ಕಾಣುತ್ತದೆ. ಮುಡುಕು ಅಂದರೆ ತಿರುವು. ಹೆಸರಿನ ಅರ್ಥ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಕು, ಆದ್ದರಿಂದ ತಲಕಾಡನ್ನು ಬಿಸಿಲೇರುವ ಮುಂಚೆ ಮುಗಿಸಿ.

ಸರಸ್ವತಿಪುರಂ_ಅಮ್ಮ · ಗುರುವಾರ, ಬೆಳಿಗ್ಗೆ 10:02

ದೊಡ್ಡಣ್ಣ, ದಕ್ಷಿಣದ ಗೋಡೆ, ಹೋಗಿ ಹುಡುಕಿಕೊಳ್ಳಿ. ಮೇಷ್ಟ್ರೇ, ಮುಂದಿನ ತಿಂಗಳ ರಜೆ ಈಗಲೇ ಬರೆದುಕೊಟ್ಟೆ.

ಹಳೇ ಡ್ರೈವರ್ ಅಣ್ಣ, ಒಂದು ಪ್ರಶ್ನೆ. ಬೆಳಿಗ್ಗೆ ಬಗ್ಗಿ ನೋಡಿದೆ, ಎಡಗಡೆ ಚಕ್ರದ ಒಳಗೆ ಇನ್ನೂ ಒಂದು ಹಿಡಿ ಬಳ್ಳಿ ಉಳಿದಿದೆ. ಹಾಗೇ ಬಿಡಬಹುದಾ?

ಹಳೇ_ಡ್ರೈವರ್ · ಗುರುವಾರ, ಬೆಳಿಗ್ಗೆ 10:30

ಬಿಡಬೇಡಿ. ಆಕ್ಸಲ್ಲಿನ ರಬ್ಬರ್ ಬೂಟ್ ಹರಿದಿದ್ದರೆ ಗ್ರೀಸ್ ಸೋರುತ್ತದೆ, ಆಮೇಲೆ ದೊಡ್ಡ ಖರ್ಚು. ಇವತ್ತೇ ಗ್ಯಾರೇಜಿನಲ್ಲಿ ಎತ್ತಿಸಿ ನೋಡಿಸಿ. ಹಾಗೇ ಆ ಹುರುಳಿಯಲ್ಲಿ ಕಟ್ಟಿನ ಸಾರು ಮಾಡಿದ್ದೀರಾ ಇಲ್ಲವಾ, ಅದನ್ನು ಹೇಳಿ ಮೊದಲು.